ಗೆಳೆಯನ ಚರಿತ್ರೆ ಬರೆದವನು

ಕಟ್ಟಡ ಮುಗಿದು, ಕಟ್ಟಿದವನು ತೀರಿಹೋಗಿ, ಗೋಡೆಗೆ ಪಾಚಿ ಹಿಡಿದ ಮೇಲೆ ಚರಿತ್ರಕಾರ ಬರುವುದು ವಾಡಿಕೆ. ಅಮೆರಿಕದ ವಿನ್ಸೆಂಟ್ ಸ್ಕಲ್ಲಿ ಅಷ್ಟು ದಿನ ಕಾಯಲಿಲ್ಲ. 1962ರಲ್ಲಿ ಆತ ತನ್ನ ಗೆಳೆಯ ಲೂಯಿ ಕಾನ್ ಕುರಿತು ಪುಸ್ತಕ ಬರೆದಾಗ, ಇಂದು ಕಾನ್ ಹೆಸರನ್ನು ಉಳಿಸಿರುವ ಕಟ್ಟಡಗಳಲ್ಲಿ ಹೆಚ್ಚಿನವು ನೆಲ ಬಿಟ್ಟು ಎದ್ದಿರಲಿಲ್ಲ.

ಕಾನ್ ಹುಟ್ಟಿದ್ದು 1901ರಲ್ಲಿ, ಎಸ್ತೋನಿಯದಲ್ಲಿ. ಎಳೆಯ ವಯಸ್ಸಿನಲ್ಲಿ ಕೆಂಡದ ಬೆಳಕಿಗೆ ಮರುಳಾಗಿ ಅದನ್ನು ಬಾಚಿಕೊಳ್ಳಹೋಗಿ ಮುಖ ಸುಟ್ಟುಕೊಂಡ. ಆ ಕಲೆ ಕಡೆಯವರೆಗೂ ಉಳಿಯಿತು. ಫಿಲಡೆಲ್ಫಿಯಕ್ಕೆ ವಲಸೆ ಬಂದ ಬಡ ಸಂಸಾರ. ಮೂಕಿ ಚಿತ್ರಮಂದಿರಗಳಲ್ಲಿ ಪಿಯಾನೋ ನುಡಿಸಿ ಹುಡುಗ ಕಾಸು ಸಂಪಾದಿಸಿದ. ಮೊದಲ ದೊಡ್ಡ ಕಟ್ಟಡ, ಯೇಲ್ ವಿಶ್ವವಿದ್ಯಾಲಯದ ಕಲಾ ಗ್ಯಾಲರಿ, ಮುಗಿದದ್ದು 1953ರಲ್ಲಿ. ಆಗ ವಯಸ್ಸು ಐವತ್ತು ದಾಟಿತ್ತು!

ಇಬ್ಬರೂ 1947ರಲ್ಲಿ ಯೇಲಿನಲ್ಲಿ ಪಾಠ ಹೇಳತೊಡಗಿದವರು. ಸ್ಕಲ್ಲಿ ಸುಮಾರು ಇಪ್ಪತ್ತು ವರ್ಷ ಚಿಕ್ಕವನು. ಗ್ರೀಕ್ ದೇವಾಲಯಗಳ ಹುಚ್ಚು ಹಿಡಿದವನು. ಕಾನ್ ಕೂಡ 1950-51ರಲ್ಲಿ ರೋಮಿನಲ್ಲಿದ್ದು, ಗ್ರೀಸು, ಈಜಿಪ್ಟುಗಳ ಹಾಳುಗಳನ್ನು ಕಣ್ತುಂಬ ನೋಡಿ ಬಂದಿದ್ದ. ಗಾಜಿನ ಪೆಟ್ಟಿಗೆಗಳ ಆ ಕಾಲದಲ್ಲಿ ಹಳೆಯ ಗೋಡೆಯ ಮಾತಾಡಲು ಒಬ್ಬರಿಗೊಬ್ಬರು ಸಿಕ್ಕರು. 1965ರಲ್ಲಿ ಇಬ್ಬರೂ ರಷ್ಯಕ್ಕೆ ಹೋದರು. ಅಲ್ಲಿನ ಗೋಪುರಗಳು ಆಕಾಶಕ್ಕೆ ಏರುವುದನ್ನು ಸ್ಕಲ್ಲಿ ಕೊಂಡಾಡಿದರೆ, ಅವು ಭಾರವನ್ನು ನೆಲಕ್ಕೆ ಇಳಿಸುವ ಬಗೆಯನ್ನು ನೋಡೆಂದನಂತೆ ಕಾನ್. ಸ್ಕಲ್ಲಿಯೇ ಇದನ್ನು ಹೇಳಿಕೊಂಡಿದ್ದಾನೆ.

ಸ್ನೇಹ ಕಣ್ಣು ಕಟ್ಟಲಿಲ್ಲವೇ? ಕಟ್ಟಿತೆಂದೇ ನನ್ನ ಎಣಿಕೆ. ಸ್ಕಲ್ಲಿ ಮೆಚ್ಚಿದ ಫಿಲಡೆಲ್ಫಿಯದ ರಿಚರ್ಡ್ಸ್ ವೈದ್ಯಕೀಯ ಸಂಶೋಧನಾಲಯದಲ್ಲಿ ವಿಜ್ಞಾನಿಗಳು ಬಿಸಿಲು ತಾಳಲಾರದೆ ಕಿಟಕಿಗಳಿಗೆ ಮರೆ ಅಂಟಿಸಿಕೊಂಡರು. ಆದರೂ ದೊಡ್ಡ ವಿಷಯದಲ್ಲಿ ಆತನ ಪಣ ಗೆದ್ದಿತು. ಲಾ ಹೋಯಾದ ಸಾಲ್ಕ್ ಸಂಸ್ಥೆ, ಢಾಕಾದ ಸಂಸತ್ ಭವನ, ಅಹಮದಾಬಾದಿನ ಐಐಎಂ ಎಲ್ಲವೂ ಎದ್ದದ್ದು ಪುಸ್ತಕ ಬಂದ ಮೇಲೆ. ಅಹಮದಾಬಾದಿಗೆ ಕಾನ್‌ನನ್ನು ಕರೆಸಿದವರು ಬಿ. ವಿ. ದೋಶಿ, ನಮ್ಮ ಬನ್ನೇರುಘಟ್ಟ ರಸ್ತೆಯ ಐಐಎಂ ಅವರದೇ ಕೃತಿ.

1974ರ ಮಾರ್ಚಿ 17ರಂದು, ಅಹಮದಾಬಾದಿನಿಂದ ಮರಳುತ್ತ, ನ್ಯೂಯಾರ್ಕಿನ ರೈಲು ನಿಲ್ದಾಣದಲ್ಲಿ ಕಾನ್ ಕುಸಿದು ಸತ್ತ. ಮನೆಯವರಿಗೆ ಸುದ್ದಿ ತಲುಪಲು ಎರಡು ದಿನ ಹಿಡಿಯಿತು. ಬಿಟ್ಟುಹೋದದ್ದು ಸಾಲ. 1992ರಲ್ಲಿ ಸ್ಕಲ್ಲಿ ಮತ್ತೆ ಗೆಳೆಯನ ಬಗ್ಗೆ ಬರೆದು, ಆತನ ಇಟ್ಟಿಗೆಯ ಕಮಾನು, ವರ್ತುಲಗಳ ಬೇರನ್ನು ರೋಮಿನ ಹಾಳುಗಳಲ್ಲಿ ತೋರಿಸಿದ.

ಸ್ಕಲ್ಲಿ 2017ರಲ್ಲಿ ತೀರಿಕೊಂಡ. 2020ರ ಕೊನೆಗೆ ಅಹಮದಾಬಾದಿನ ಸಂಸ್ಥೆ, ಇಟ್ಟಿಗೆ ಸವೆದು ನೀರು ಸೋರುತ್ತಿದೆಯೆಂದು, ಕಾನ್ ರಚಿಸಿದ 18 ವಸತಿಗೃಹಗಳಲ್ಲಿ 14ನ್ನು ಕೆಡವಲು ಹೊರಟಿತು. ರೋಮಿನ ಇಟ್ಟಿಗೆ ಸಾವಿರಾರು ವರ್ಷ ನಿಂತಿದೆ. ಇದು ಸುಮಾರು ಐವತ್ತಕ್ಕೇ ಸೋತಿತ್ತು. ಲೋಕದ ನಾನಾ ಕಡೆಯಿಂದ ವಿರೋಧ ಬಂದು, 2021ರ ಜನವರಿ 1ರಂದು ಆ ಯೋಜನೆಯನ್ನು ಹಿಂತೆಗೆದುಕೊಂಡರು. ಬೇಡವೆಂದು ಬರೆದವರಲ್ಲಿ ವಾಸ್ತುಚರಿತ್ರಕಾರರೂ ಇದ್ದರು.