ಬರ್ಲಿನ್ ನಗರದ ಎರಡು ಉಪನ್ಯಾಸಗಳು

ಕ್ಷಯರೋಗವು ನಮ್ಮ ದೇಶದವರಿಗೆ ಹೊಸತಲ್ಲ. ಚರಕಸಂಹಿತೆಯು ಇದನ್ನು ರಾಜಯಕ್ಷ್ಮವೆಂದು ಕರೆದು, ಮೊದಲು ಚಂದ್ರನಿಗೆ ತಗಲಿದ ವ್ಯಾಧಿಯೆಂಬ ಕಥೆಯನ್ನು ಹೇಳಿ, ಸಾಹಸ, ವೇಗಸಂಧಾರಣ, ಧಾತುಕ್ಷಯ, ವಿಷಮಾಶನಗಳೆಂಬ ನಾಲ್ಕು ಕಾರಣಗಳನ್ನು ನಿರೂಪಿಸಿರುವುದು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಾದರೋ, ಕುಷ್ಠ, ಜ್ವರ, ನೇತ್ರಾಭಿಷ್ಯಂದಗಳೊಡನೆ ಶೋಷವನ್ನೂ ಸೇರಿಸಿ, ಇವು ಒಬ್ಬರಿಂದೊಬ್ಬರಿಗೆ ಸಂಕ್ರಮಿಸತಕ್ಕವೆಂದು ಉಕ್ತವಾಗಿದೆ. ಆದರೆ ಹೀಗೆ ಸಂಕ್ರಮಿಸುವ ವಸ್ತು ಯಾವುದು? ಈ ಪ್ರಶ್ನೆಗೆ ಉತ್ತರವು ೧೮೮೨ನೆಯ ಇಸವಿ ಮಾರ್ಚಿ ೨೪ರ ಸಾಯಂಕಾಲ, ಜರ್ಮನಿ ದೇಶದ ಬರ್ಲಿನ್ ನಗರದಲ್ಲಿ, ಶಾರೀರಶಾಸ್ತ್ರಸಂಘದ ಚಿಕ್ಕದೊಂದು ವಾಚನಾಲಯದಲ್ಲಿ ದೊರೆಯಿತು.

ಉಪನ್ಯಾಸಕರು ರಾಬರ್ಟ್ ಕಾಕ್ ಎಂಬ ವೈದ್ಯರು. ವಯಸ್ಸು ಮೂವತ್ತೆಂಟು. ಕೆಲವು ವರ್ಷಗಳ ಹಿಂದೆ ಇವರು ಗ್ರಾಮಾಂತರದಲ್ಲಿ ಚಿಕಿತ್ಸೆ ಮಾಡಿಕೊಂಡು, ಬಿಡುವಿನ ವೇಳೆಯಲ್ಲಿ ದನಗಳ ನೆರಡಿರೋಗವನ್ನು ಶೋಧಿಸಿದ್ದವರು. ನಗರದ ದೊಡ್ಡ ವೈದ್ಯಸಭೆಯಲ್ಲಿ ವಿರ್ಖೋ ಪಂಡಿತರ ಪ್ರಾಬಲ್ಯವಿದ್ದಿತು. ಅವರು ರೋಗಾಣುವಾದಕ್ಕೆ ಒಲಿದವರಲ್ಲ. ಆದುದರಿಂದ ಕಾಕ್ ಪಂಡಿತರು ಈ ಚಿಕ್ಕ ಸಂಘವನ್ನೇ ಆರಿಸಿಕೊಂಡರು. ಅವರು ವಾಗ್ಮಿಗಳೂ ಅಲ್ಲ. ನಿಧಾನವಾಗಿ, ತಡೆತಡೆದು ಮಾತನಾಡುವವರು. ಆದರೆ ತಮ್ಮೊಡನೆ ಸೂಕ್ಷ್ಮದರ್ಶಕಗಳನ್ನೂ, ಇನ್ನೂರಕ್ಕೂ ಮಿಕ್ಕ ನಿದರ್ಶನವಸ್ತುಗಳನ್ನೂ ತಂದು ಮೇಜಿನ ಮೇಲೆ ಇರಿಸಿದ್ದರು.

ಆಗಿನ ಲೆಕ್ಕದಲ್ಲಿ ಸಾಯುವ ಮನುಷ್ಯರಲ್ಲಿ ಏಳಕ್ಕೆ ಒಬ್ಬರು ಕ್ಷಯದಿಂದ ಸಾಯುತ್ತಿದ್ದರೆಂಬ ಮಾತಿನಿಂದ ಆರಂಭಿಸಿ, ಅವರು ತಮ್ಮ ಕ್ರಮವನ್ನು ಬಿಡಿಸಿ ಹೇಳಿದರು. ರೋಗಿಯ ಅಂಗಾಂಶಕ್ಕೆ ನೀಲವರ್ಣವನ್ನು ಊಡಿ, ಅನಂತರ ಕಂದುಬಣ್ಣದಿಂದ ತೊಳೆದರೆ, ಸುತ್ತಲಿನದೆಲ್ಲ ಕಂದಾಗಿ, ಸಣ್ಣ ಕಡ್ಡಿಗಳಂತಹ ಜೀವಾಣುಗಳು ಮಾತ್ರ ನೀಲಿಯಾಗಿ ಉಳಿಯುವುವು. ಆದರೆ ರೋಗವಿದ್ದೆಡೆ ಅಣುವಿದ್ದರೆ ಅದೇ ರೋಗಕಾರಣವೆಂದಾಯಿತೇ? ಸಾಹಚರ್ಯಮಾತ್ರದಿಂದ ಕಾರಣತ್ವವು ಸಿದ್ಧಿಸದೆಂಬುದನ್ನು ನಮ್ಮ ಪಾಠಶಾಲೆಗಳಲ್ಲಿ ತರ್ಕಸಂಗ್ರಹವನ್ನು ಓದುವ ಬಾಲಕನೂ ಬಲ್ಲನು. ಕಾಕ್ ಪಂಡಿತರೂ ಇದನ್ನು ಬಲ್ಲವರಾಗಿದ್ದರು. ಅವರು ಆ ಅಣುಗಳನ್ನು ದೇಹದಿಂದ ಬೇರ್ಪಡಿಸಿ, ಹೆಪ್ಪುಗಟ್ಟಿಸಿದ ರಕ್ತರಸದ ಮೇಲೆ ಬೆಳೆಸಿದರು. ಬೇರೆ ಅಣುಗಳು ಒಂದೆರಡು ದಿನಗಳಲ್ಲಿ ಬೆಳೆದರೆ ಇವು ಎರಡನೆಯ ವಾರದವರೆಗೂ ಕಣ್ಣಿಗೆ ಬೀಳವು. ಇದಕ್ಕಾಗಿ ಕಾದ ಅವರ ತಾಳ್ಮೆಯೇ ನನಗೆ ಈ ಶೋಧನೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ತೋರುವುದು. ಹೀಗೆ ಹಲವು ಬಾರಿ ಪಾತ್ರೆಯಿಂದ ಪಾತ್ರೆಗೆ ಬದಲಿಸಿ ಶುದ್ಧವಾಗಿ ಬೆಳೆಸಿದ ಅಣುಗಳನ್ನು ಗಿನಿಯಿಲಿಗಳಿಗೆ ಚುಚ್ಚಲು, ಅವುಗಳಿಗೂ ಕ್ಷಯವೇ ಉಂಟಾಯಿತು.

ಉಪನ್ಯಾಸವು ಮುಗಿದಾಗ ಯಾರೂ ಪ್ರಶ್ನಿಸಲಿಲ್ಲ, ಪ್ರತಿವಾದಿಸಲಿಲ್ಲ. ಸಭಾಸದರು ಮೌನವಾಗಿ ಎದ್ದು ಸೂಕ್ಷ್ಮದರ್ಶಕಗಳ ಬಳಿಗೆ ಹೋದರು. ಅಲ್ಲಿದ್ದ ಪಾಲ್ ಎರ್ಲಿಖ್ ಎಂಬ ತರುಣ ವೈದ್ಯರು ಆ ಸಂಜೆಯನ್ನು ತಮ್ಮ ವಿದ್ಯಾಜೀವನದ ಅತಿಶಯಾನುಭವವೆಂದು ಮುಂದೆ ಸ್ಮರಿಸಿದರು. ಏಪ್ರಿಲ್ ೧೦ರಂದು ಉಪನ್ಯಾಸವು ಅಚ್ಚಾಯಿತು. ೨೨ರಂದು ಟಿಂಡಲ್ ಪಂಡಿತರ ಪತ್ರದ ಮೂಲಕ ಲಂಡನ್ನಿನ ಟೈಮ್ಸ್ ಪತ್ರಿಕೆಯ ವಾಚಕರಿಗೂ ಇದು ತಲುಪಿತು.

ಎಂಟು ವರ್ಷಗಳು ಸಂದುವು. ೧೮೯೦ನೆಯ ಇಸವಿ ಆಗಸ್ಟ್ ೪ರಂದು, ಅದೇ ನಗರದಲ್ಲಿ, ನಾನಾ ದೇಶಗಳ ಸಾವಿರಾರು ವೈದ್ಯರು ನೆರೆದ ಮಹಾಸಮ್ಮೇಳನದಲ್ಲಿ, ಜಗದ್ವಿಖ್ಯಾತರಾಗಿದ್ದ ಅದೇ ಕಾಕ್ ಪಂಡಿತರು, ಕ್ಷಯಾಣುವಿನ ಬೆಳವಣಿಗೆಯನ್ನು ಶರೀರದಲ್ಲಿಯೂ ತಡೆಯಬಲ್ಲ ದ್ರವ್ಯವು ತಮಗೆ ದೊರೆತಿದೆಯೆಂದು ಸೂಚಿಸಿದರು. ಆದರೆ ದ್ರವ್ಯವು ಯಾವುದೆಂದು ತಿಳಿಸಲಿಲ್ಲ. ಸರ್ಕಾರದ ಒತ್ತಾಯದಿಂದ ಹೀಗೆ ಮುಂದಾಗಿ ನುಡಿದರೆಂದು ಕೆಲವರ ಮತವುಂಟು. ಇರಬಹುದು, ಆದರೆ ಅದರಿಂದ ರೋಗಿಗಳಿಗೇನು ಸಮಾಧಾನ? ಆ ಚಳಿಗಾಲದಲ್ಲಿ ಯೂರೋಪಿನ ನಾನಾ ಕಡೆಗಳಿಂದ ಕ್ಷಯರೋಗಿಗಳು, ಏಳಲಾರದವರೂ ಕೂಡ, ಬರ್ಲಿನ್ನಿಗೆ ಬಂದು ತುಂಬಿದರು. ಪತ್ತೇದಾರಿ ಕಥೆಗಳಿಂದ ಪ್ರಸಿದ್ಧರಾದ ಆರ್ಥರ್ ಕಾನನ್ ಡಾಯ್ಲ್ ಆಗ ವೈದ್ಯವೃತ್ತಿಯಲ್ಲಿದ್ದವರು, ತಾವೂ ಅಲ್ಲಿಗೆ ಹೋದರು. ಈ ಔಷಧಿಯ ವಿಷಯವಾಗಿ ಬೆರ್ಗ್‌ಮನ್ ವೈದ್ಯರು ಮಾಡಿದ ಉಪನ್ಯಾಸಕ್ಕೆ ಅವರಿಗೆ ಪ್ರವೇಶ ದೊರೆಯಲಿಲ್ಲ. ಕೇಳಿದವರೊಬ್ಬರ ಟಿಪ್ಪಣಿಯನ್ನು ಓದಿ, ರೋಗಿಗಳನ್ನು ಕಣ್ಣಾರೆ ಕಂಡು, ಈ ಔಷಧಿಯು ಅಣುವನ್ನು ಕೊಲ್ಲುವುದಿಲ್ಲವೆಂದು ಎಚ್ಚರಿಕೆಯ ಪತ್ರವನ್ನು ಬರೆದರು. ಹೊರಗೆ ನಿಂತವರಿಗೆ ಒಳಗೆ ಕುಳಿತವರಿಗಿಂತ ಚೆನ್ನಾಗಿ ಕಾಣುವುದೂ ಉಂಟು! ೧೮೯೧ರ ಜನವರಿಯಲ್ಲಿ ವಿರ್ಖೋ ಪಂಡಿತರು ಮೃತದೇಹಗಳನ್ನು ಪರೀಕ್ಷಿಸಿ, ಔಷಧಿಯನ್ನು ಪಡೆದವರಲ್ಲಿಯೂ ಹೊಸ ಕ್ಷಯಗ್ರಂಥಿಗಳು ಎದ್ದಿರುವುದನ್ನು ತೋರಿಸಿದರು. ಅದೇ ತಿಂಗಳಲ್ಲಿ ಔಷಧಿಯ ಗುಟ್ಟೂ ಹೊರಬಿದ್ದಿತು: ಅದು ಕ್ಷಯಾಣುಗಳಿಂದಲೇ ಗ್ಲಿಸರಿನ್ನಿನ ಮೂಲಕ ತೆಗೆದ ಸಾರ, ಟ್ಯುಬರ್ಕ್ಯುಲಿನ್.

ಈ ಸಾರವು ವ್ಯರ್ಥವಾಯಿತೆಂದು ವಾಚಕರು ತಿಳಿಯಬಾರದು. ರೋಗವನ್ನು ನೀಗಲಾರದ ಅದು ರೋಗವನ್ನು ಗುರುತಿಸಲು ಉಪಯೋಗಕ್ಕೆ ಬಂದಿತು. ೧೯೦೭ರಲ್ಲಿ ಪಿರ್ಕೆ ವೈದ್ಯರು ಚರ್ಮಪರೀಕ್ಷೆಯನ್ನು ಏರ್ಪಡಿಸಿದರು. ನಿಜವಾಗಿ ಅಣುವನ್ನು ಅಡಗಿಸಬಲ್ಲ ಸ್ಟ್ರೆಪ್ಟೊಮೈಸಿನ್ ಸಿಕ್ಕಿದುದು ೧೯೪೩ರಲ್ಲಿ.

ಇಷ್ಟಾದರೂ ಕಾಕ್ ಪಂಡಿತರು ವೇದಿಕೆಯನ್ನು ಬಿಟ್ಟವರಲ್ಲ. ೧೯೦೧ರಲ್ಲಿ ಲಂಡನ್ನಿನ ಕ್ಷಯಸಮ್ಮೇಳನದಲ್ಲಿ, ದನಗಳ ಕ್ಷಯವು ಹಾಲಿನ ಮೂಲಕ ಮನುಷ್ಯರಿಗೆ ತಗಲುವುದು ಅತಿವಿರಳ, ಅದಕ್ಕೆ ಪ್ರತೀಕಾರವು ಅನಾವಶ್ಯಕವೆಂದರು. ಲಿಸ್ಟರ್ ಮಹಾಶಯರು ಅಲ್ಲಿಯೇ ಅದನ್ನು ಒಪ್ಪದೆ ಮಾತನಾಡಿದರು. ಬ್ರಿಟಿಷ್ ಸರ್ಕಾರವು ವಿಚಾರಣೆಗಾಗಿ ಒಂದು ಆಯೋಗವನ್ನು ನೇಮಿಸಿತು. ಅಂತಹ ಹಾಲಿನಿಂದ ಮಕ್ಕಳಿಗೆ ಕ್ಷಯವು ತಗಲುವುದು ನಿಜವೆಂದು ಆಯೋಗದ ಅಂತಿಮ ವರದಿಯು ೧೯೧೧ರಲ್ಲಿ ಸಾರಿತು. ಕಾಕ್ ಪಂಡಿತರು ಅದರ ಹಿಂದಿನ ವರ್ಷ ಮೇ ೨೭ರಂದೇ ಬಾಡೆನ್‌ಬಾಡೆನ್ ನಗರದಲ್ಲಿ ಕಾಲವಾಗಿದ್ದರು.