ಮೂತಿ ನೋಡಿ ವರ್ಷ ಹೇಳುವುದು

ಅಂಬಾಸಿಡರ್ ಕಾರು ಯಾವ ಕಾಲದ್ದು ಅಂತ ಹೇಳೋಕೆ ಆರ್.ಸಿ. ಪುಸ್ತಕ ಬೇಕಾಗಿಲ್ಲ. ಮುಂದಿನ ಗ್ರಿಲ್ ನೋಡಿದರೆ ಸಾಕು. 1957-58ರಲ್ಲಿ ಬಂದ ಮೊದಲ ಗಾಡಿಗೆ ಒಂದು ಮುಖ, 1962-63ರ ಹೊತ್ತಿಗೆ ಬಂದ ಮಾರ್ಕ್ 2ಕ್ಕೆ ಒತ್ತೊತ್ತು ಚೌಕಗಳ ಜಾಲರಿ, 1975ರ ಮಾರ್ಕ್ 3ಕ್ಕೆ ಬೇರೆ, 1979ರ ಮಾರ್ಕ್ 4ಕ್ಕೆ ಇನ್ನೂ ಬೇರೆ. ಮೊದಲ ಒಂದೆರಡು ವರ್ಷ ಬಿಟ್ಟರೆ ಒಳಗಿದ್ದ ಎಂಜಿನ್ನು ಮಾತ್ರ ಅದೇ 1489 ಸಿಸಿ. ತೊಂಬತ್ತರ ದಶಕದಲ್ಲಿ ಇಸುಜು ಎಂಜಿನ್ ಬರೋ ತನಕ ಪೆಟ್ರೋಲ್ ಅಂಬಾಸಿಡರಿಗೆ ಹೆಚ್ಚುಕಡಿಮೆ ಅದೇ ಗತಿ. ಮೂವತ್ತು ವರ್ಷ ಒಂದೇ ಹೃದಯ, ನಾಲ್ಕು ಮುಖ. ನಮ್ಮಲ್ಲಿ "ಹೊಸ ಮಾಡೆಲ್" ಅನ್ನೋ ಮಾತಿನ ಅರ್ಥ ಬಹಳ ಕಾಲ ಇಷ್ಟೇ ಆಗಿತ್ತು.

ಇದು ಯಾಕೆ ಹೀಗೆ ಅಂತ ಸುಮಾರು ದಿನದಿಂದ ತಲೆಯಲ್ಲಿ ಕೊರೀತಾ ಇತ್ತು. ಕಾರಣಕ್ಕೆ ಆಮೇಲೆ ಬರ್ತೀನಿ. ಮೊದಲು ಗ್ರಿಲ್ ಎಲ್ಲಿಂದ ಬಂತು ನೋಡೋಣ.

ಮೊದಮೊದಲ ಕಾರುಗಳಿಗೆ ಗ್ರಿಲ್ ಅನ್ನೋದೇ ಇರಲಿಲ್ಲ. ರೇಡಿಯೇಟರೇ ಬಯಲಿಗೆ ನಿಂತಿರುತ್ತಿತ್ತು. 1901ರ ಮರ್ಸಿಡೀಸ್‌ಗೆ ವಿಲ್‌ಹೆಲ್ಮ್ ಮೇಬ್ಯಾಕ್ ಅನ್ನೋ ಎಂಜಿನಿಯರ್ ಮಾಡಿದ ಜೇನುಗೂಡು ರೇಡಿಯೇಟರ್ ಇತ್ತು. ಅದರಲ್ಲಿ 8,070 ಸಣ್ಣ ಸಣ್ಣ ಕೊಳವೆ! ಗಾಳಿ ಆ ಕೊಳವೆಗಳೊಳಗೆ ನುಗ್ಗಿ ನೀರನ್ನು ತಣ್ಣಗೆ ಮಾಡುತ್ತಿತ್ತು. ಆ ಜೇನುಗೂಡೇ ಕಾರಿನ ಮುಖವಾಯಿತು. ಮುಂದೆ 1930ರ ಸುಮಾರಿಗೆ ರೇಡಿಯೇಟರ್ ಹಿಂದಕ್ಕೆ ಸರಿಯಿತು. ಕಲ್ಲು, ಹುಳ ಹೊಡೆಯದಂತೆ ಅದರ ಮುಂದೆ ಒಂದು ಜಾಲರಿ ಬಂತು. 1933ರಲ್ಲಿ ಬಿಎಂಡಬ್ಲ್ಯು ಹಾಕಿದ ಎರಡು ಮೂತ್ರಪಿಂಡದಾಕಾರದ ಗ್ರಿಲ್ ಇವತ್ತಿಗೂ ಅದರ ಗುರುತು. ಅಲ್ಲಿಗೆ ರೇಡಿಯೇಟರ್ ಕಾಯೋ ಕೆಲಸ ಅರ್ಧ, ಮುಖ ತೋರಿಸೋ ಕೆಲಸ ಅರ್ಧ ಅಂತಾಯ್ತು. ನಮ್ಮ ಕಡೆ ಸ್ಪೇರ್ಸ್ ಅಂಗಡಿಯವರು ಬಿಲ್ಲಲ್ಲಿ "ಶೋ ಗ್ರಿಲ್" ಅಂತಲೇ ಬರೀತಾರೆ. ಆ ಹೆಸರು ಇಟ್ಟ ಪುಣ್ಯಾತ್ಮನಿಗೆ ವಿಷಯ ಚೆನ್ನಾಗಿ ಗೊತ್ತಿತ್ತು :-)

ಈಗ ಕಾರಣ. ಕಾರಿನ ಬಾಡಿ ಅಂದರೆ ಉಕ್ಕಿನ ತಗಡನ್ನು ದೊಡ್ಡ ಅಚ್ಚಿನಲ್ಲಿ ಪ್ರೆಸ್ ಮಾಡಿ ತೆಗೆಯೋದು. ಆ ಅಚ್ಚುಗಳಿಗೆ ಕೋಟಿಗಟ್ಟಲೆ ದುಡ್ಡು. ಲೈಸೆನ್ಸ್ ರಾಜ್ಯದ ಕಾಲದಲ್ಲಂತೂ ದುಡ್ಡಿದ್ದರೂ ಸಾಲದು, ಹೊರದೇಶದಿಂದ ಅಚ್ಚು, ಯಂತ್ರ ತರಿಸೋಕೆ ಸರ್ಕಾರದ ಅಪ್ಪಣೆ ಬೇಕು, ವಿದೇಶಿ ವಿನಿಮಯ ಬೇಕು. ಅದಕ್ಕೆ ವರ್ಷಗಟ್ಟಲೆ ದೆಹಲಿ ಸುತ್ತಬೇಕು. ಐವತ್ತರ ದಶಕದ ಮಧ್ಯದಿಂದ ಮಾರುತಿ ಬರೋವರೆಗೆ ದೇಶದಲ್ಲಿ ಲೆಕ್ಕಕ್ಕೆ ಸಿಗೋ ಕಾರು ಕಂಪನಿಗಳು ಮೂರೇ: ಕಲ್ಕತ್ತೆ ಹತ್ತಿರ ಉತ್ತರಪಾರಾದ ಹಿಂದುಸ್ತಾನ್ ಮೋಟಾರ್ಸ್, ಬೊಂಬಾಯಿಯ ಪ್ರೀಮಿಯರ್, ಮದ್ರಾಸಿನ ಸ್ಟ್ಯಾಂಡರ್ಡ್. ಕೊಳ್ಳುವವರು ಕ್ಯೂನಲ್ಲಿ ಕಾಯ್ತಾ ಇದ್ದರು, ಹಾಗಾಗಿ ಬದಲಾಯಿಸೋ ಜರೂರತ್ತೂ ಇರಲಿಲ್ಲ ಅನ್ನಿ. ಆದರೂ ಹೊಸದು ಅಂತ ಏನಾದರೂ ತೋರಿಸಬೇಕಲ್ಲ? ಗ್ರಿಲ್ ಒಂದು ಬಿಡಿ ಭಾಗ. ನಾಲ್ಕು ಸ್ಕ್ರೂ ಬಿಚ್ಚಿದರೆ ಬರುತ್ತೆ, ಇನ್ನೊಂದು ಹಾಕಿದರೆ ಕೂರುತ್ತೆ. ಬಾಡಿಯ ಅಚ್ಚು ಮುಟ್ಟಬೇಕಾಗಿಲ್ಲ.

ಸ್ಟ್ಯಾಂಡರ್ಡ್‌ನವರು 1961ರಲ್ಲಿ ತಂದ ಹೆರಾಲ್ಡ್ ಚಂದದ ಸಣ್ಣ ಕಾರು. ಅದರ ಬಾನೆಟ್ಟು, ಮಡ್‌ಗಾರ್ಡು ಎಲ್ಲ ಒಟ್ಟಿಗೆ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. 1972ರಲ್ಲಿ ಅದಕ್ಕೇ ಹಿಂದೆಮುಂದೆ ಹೊಸ ರೂಪ ಕೊಟ್ಟು "ಗೆಜಲ್" ಅಂದರು. ಎಂಜಿನ್ ಅದೇ 948 ಸಿಸಿ. ಪ್ರೀಮಿಯರ್‌ನವರದ್ದು ಇನ್ನೂ ಸುಲಭ. 1964ರ ಫಿಯೆಟ್ 1100 ಡಿಲೈಟ್ ಕಾರನ್ನೇ ಎಪ್ಪತ್ತರ ದಶಕದ ಮೊದಲಲ್ಲಿ ಪ್ರೆಸಿಡೆಂಟ್ ಅಂದರು, 1974ರಲ್ಲಿ ಪದ್ಮಿನಿ ಅಂದರು. ನಮ್ಮ ಬೆಂಗಳೂರಿನ ಸಿಪಾನಿಯವರೊಬ್ಬರೇ ಬೇರೆ ದಾರಿ ಹಿಡಿದದ್ದು. ಎಂಬತ್ತರ ದಶಕದ ಮೊದಲಲ್ಲಿ ಅವರು ತಂದ ಡಾಲ್ಫಿನ್ ಕಾರಿನ ಬಾಡಿಯೇ ಫೈಬರ್‌ಗ್ಲಾಸ್. ಉಕ್ಕಿನ ಅಚ್ಚಿನ ಗೋಜೇ ಇಲ್ಲ! ಧೈರ್ಯ ಮೆಚ್ಚಬೇಕು, ಆದರೆ ಮಾರುತಿ ಬಂದ ಮೇಲೆ ಅದರ ಮುಂದೆ ನಿಲ್ಲೋಕಾಗಲಿಲ್ಲ.

ಲೈಸೆನ್ಸ್ ರಾಜ್ಯ ಹೋಗಿ ಇಷ್ಟು ವರ್ಷ ಆದಮೇಲೆ ಈ ಆಟ ನಿಂತಿರಬೇಕು ಅಂದುಕೊಂಡರೆ ಅದೂ ಇಲ್ಲ. 2019ರ ಜೂನ್‌ನಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಗ್ಲಾನ್ಜಾ ಅಂತ ಒಂದು ಕಾರು ಬಿಟ್ಟಿತು. ಅದು ಮಾರುತಿಯ ಬಲೆನೋನೇ. ಮಾಡಿ ಕಳಿಸುತ್ತಿದ್ದವರೂ ಮಾರುತಿಯವರೇ. ಹೊರಗಿನಿಂದ ಕಾಣೋ ದೊಡ್ಡ ವ್ಯತ್ಯಾಸ ಮುಂದಿನ ಗ್ರಿಲ್ಲು, ಲಾಂಛನ, ಹೆಸರು. ಕಾಗದದ ಮೇಲೆ ವಾರಂಟಿ ಜಾಸ್ತಿ ಇತ್ತು, ಅದು ನಿಜವಾದ ಲಾಭವೇ. ಆದರೂ ಗ್ರಿಲ್ ಬದಲಾಯಿಸಿದ್ದಕ್ಕೆ ಕಂಪನಿಯೇ ಬದಲಾಗಿಬಿಟ್ಟಿತಲ್ಲ! ಅಂಬಾಸಿಡರ್ ಕೂಡ ಅಷ್ಟು ದೂರ ಹೋಗಿರಲಿಲ್ಲ.

ಇಷ್ಟೆಲ್ಲ ಕೆದಕೋಕೆ ಕಾರಣ ಹನೂರಿನ ನಮ್ಮ ದೊಡ್ಡಪ್ಪನ ಮಾರುತಿ 800. 1996ರದ್ದು. ಚಾಮರಾಜನಗರ ಜಿಲ್ಲೆ ಆಗಿದ್ದು 1997ರಲ್ಲಿ, ಹಾಗಾಗಿ ನಂಬರ್ ಪ್ಲೇಟ್ ಇನ್ನೂ ಮೈಸೂರಿನ ಕೆಎ 09. ದೊಡ್ಡಪ್ಪ ಹುಟ್ಟಿದಾಗ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, 1956ರಲ್ಲಿ ಮೈಸೂರಿಗೆ ಬಂತು, ಈಗ ಹನೂರೇ ತಾಲ್ಲೂಕು. ಊರು ಅಲುಗಾಡದೆ ಇಷ್ಟು ವಿಳಾಸ ಬದಲಾಯಿಸಿದೆ. ರಾಜ್ಯಕ್ಕೆ 108 ಆಂಬುಲೆನ್ಸ್ ಬಂದದ್ದು 2008ರಲ್ಲಿ. ಅದಕ್ಕೂ ಮುಂಚೆ ನಮ್ಮ ಬೀದಿಗೆ ಈ ಕಾರೇ ಆಂಬುಲೆನ್ಸು. ರಾತ್ರಿ ಹೆರಿಗೆ ನೋವು ಕಾಣಿಸಿಕೊಂಡರೆ ಬಂದು ಬಾಗಿಲು ಬಡಿಯೋರು, ದೊಡ್ಡಪ್ಪ ಪಂಚೆ ಮೇಲೇ ಕೊಳ್ಳೇಗಾಲಕ್ಕೆ ಹೊರಡೋರು.

ರಾಮಾಪುರದ ಕಡೆಯಿಂದ ಬರುವಾಗ ಮಬ್ಬುಗತ್ತಲಲ್ಲಿ ಕಾಡುಹಂದಿ ಅಡ್ಡ ಬಂತು. ಹಂದಿ ಎದ್ದು ಓಡಿಹೋಯ್ತು. ಬಂಪರ್ ತಗ್ಗಾಯ್ತು, ಗ್ರಿಲ್ ಮೂರು ಚೂರು. ರೇಡಿಯೇಟರ್ ಉಳಿಯಿತು.

ಮಾರುತಿ 800 ಮೊದಲು ಮನೆ ಸೇರಿದ್ದು 1983ರ ಡಿಸೆಂಬರ್ 14ರಂದು, ದೆಹಲಿಯಲ್ಲಿ. 1986ರಲ್ಲಿ ಬಾಡಿ ಬದಲಾಯಿತು. ಆಮೇಲೆ 2014ರ ಜನವರಿಯಲ್ಲಿ ತಯಾರಿ ನಿಲ್ಲೋ ತನಕ ಮೂಲ ಬಾಡಿ ಅದೇ, 1997ರಲ್ಲಿ ಮಾತ್ರ ಮುಖ ದುಂಡಗಾಯಿತು. ಪುನಃ ಅಂಬಾಸಿಡರ್ ಕತೆಯೇ ಅಲ್ವಾ! ನಮ್ಮ ಕಷ್ಟ ಶುರುವಾಗಿದ್ದೇ ಅಲ್ಲಿ. ನಮ್ಮದು 97ಕ್ಕೆ ಒಂದು ವರ್ಷ ಹಿಂದಿನದು. ಹೊಸ ಮುಖದ ಗ್ರಿಲ್ ಬೇಕಾದಷ್ಟು ಸಿಗುತ್ತೆ, ಹಳೆಯದರ ಲ್ಯಾಂಪಿನ ಮಧ್ಯೆ ಅದು ಕೂರಲ್ಲ. ಮೆಕ್ಯಾನಿಕ್ ಅಣ್ಣ ತಲೆ ಕೆರೆದುಕೊಂಡರು.

"ಇದ್ರ ಶೋ ಗ್ರಿಲ್ ಈಗೆಲ್ ಸಿಕ್ಕದು ಸಾ. ಬಾನೆಟ್ಟು, ಲ್ಯಾಂಪು, ಬಂಪರು ಎಲ್ಲಾ ಹೊಸ ಮಾಡ್ಲುದೇ ಹಾಕ್ಬುಡವಾ?"

"ಬ್ಯಾಡ," ಅಂದರು ದೊಡ್ಡಪ್ಪ. "ಆಗ ಅದು ನಮ್ ಕಾರಾ?"

ಕಾರನ್ನು ಗುಜರಿಗೆ ಕೊಟ್ಟುಬಿಡಿ ಅಂತ ಅವರ ಮಗ ಎರಡು ವರ್ಷದಿಂದ ಹೇಳ್ತಾ ಇದ್ದಾನೆ. ಅವನ ಲೆಕ್ಕ ತಪ್ಪೇನಲ್ಲ. ಹದಿನೈದು ವರ್ಷ ಆದಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. ಕಾರಿಗೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯ್ತು, 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ್ದಕ್ಕೆ 10,000 ಮಾಡಿದರು. ನಮ್ಮದಕ್ಕೆ ಇದು ನಾಲ್ಕನೇ ನವೀಕರಣ. ಗ್ರಿಲ್ ಸಿಗದಿದ್ದರೆ ಮಗನ ಮಾತೇ ನಡೀತಿತ್ತು.

ಮೈಸೂರಲ್ಲಿ ಸಿಗಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಇಲ್ಲ. ಕೊನೆಗೆ ಶಿವಾಜಿನಗರದ ಗುಜರಿಯಲ್ಲಿ ಬಾಗಿಲುಗಳ ರಾಶಿ ಹಿಂದೆ ಸಿಕ್ಕಿತು. ಯಾರದೋ ಗಾಡಿಯಿಂದ ಬಿಚ್ಚಿದ್ದು, ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿತ್ತು, ಒಂದು ಮೂಲೆಯ ಕ್ಲಿಪ್ ಮುರಿದಿತ್ತು. 350 ರೂಪಾಯಿ. ಬಸ್ಸಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದೆ.

ಹಾಕಿದ್ದು ಅರ್ಧ ಗಂಟೆ ಕೆಲಸ. ಬಾನೆಟ್ ಎತ್ತಿ ಮೇಲಿನ ಸ್ಕ್ರೂಗಳಿಗೆ ಸೀಮೆಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಬಿಡಬೇಕು, ತುಕ್ಕು ಹಿಡಿದಿರುತ್ತೆ. ಹಳೇ ಪ್ಲಾಸ್ಟಿಕ್ ಬಿಸ್ಕತ್ತಿನ ಹಾಗೆ ಮುರಿಯೋದರಿಂದ ಕ್ಲಿಪ್ ಒತ್ತೋ ಮುಂಚೆ ಬಿಸಿನೀರಿನ ಬಟ್ಟೆ ಸುತ್ತಿದೆವು. ಮುರಿದ ಮೂಲೆಗೆ ಮೆಕ್ಯಾನಿಕ್ ಅಣ್ಣ ತಂತಿ ಕಟ್ಟಿ ಒಳಗಿನಿಂದ ಬಿಗಿದರು. ಹೊರಗೆ ಕಾಣಲ್ಲ. ಕಪ್ಪು ಸ್ಪ್ರೇ ಎರಡು ಕೋಟು ಹೊಡೆದು ಬಿಸಿಲಿಗೆ ನಿಲ್ಲಿಸಿದೆವು.

ಮುಂದಿನ ಸೋಮವಾರ ಇನ್ಸ್‌ಪೆಕ್ಟರರ ಮುಂದೆ ಗಾಡಿ ನಿಲ್ಲಿಸಬೇಕು. ಹ್ಯಾಂಡ್‌ಬ್ರೇಕ್ ಕೇಬಲ್ ಇನ್ನೂ ಬಂದಿಲ್ಲ.