ಸುಟ್ಟ ಪೀಪಾಯಿಯೂ ಎಳೆಯ ಬರ್ಬನ್ನೂ

1826ನೆಯ ಇಸವಿಯಲ್ಲಿ ಅಮೆರಿಕದ ಕೆಂಟಕಿ ಪ್ರಾಂತದ ಲೆಕ್ಸಿಂಗ್ಟನ್ ಪಟ್ಟಣದ ದಿನಸಿ ವರ್ತಕನೊಬ್ಬನು ಬರ್ಬನ್ ಕೌಂಟಿಯಲ್ಲಿ ಭಟ್ಟಿಯಿಟ್ಟಿದ್ದ ಜಾನ್ ಕಾರ್ಲಿಸನಿಗೆ ಕಾಗದವೊಂದನ್ನು ಬರೆದು, ಪೀಪಾಯಿಗಳ ಒಳಮೈಯನ್ನು ಅಂಗುಲದ ಹದಿನಾರರಲ್ಲೊಂದು ಪಾಲಿನಷ್ಟು ಸುಟ್ಟರೆ ವಿಸ್ಕಿಯು ಬಹುವಾಗಿ ಸುಧಾರಿಸುವುದೆಂದು ತನಗೆ ಯಾರೋ ಸೂಚಿಸಿರುವರೆಂದೂ, ಆ ವಿಷಯದಲ್ಲಿ ಕಾರ್ಲಿಸನೇ ತಕ್ಕ ತೀರ್ಪುಗಾರನೆಂದೂ ತಿಳಿಸಿದನು. ಸುಟ್ಟ ಪೀಪಾಯಿಯನ್ನು ಮೊದಲು ಕಂಡುಹಿಡಿದವನು ಎಲೈಜಾ ಕ್ರೇಗ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿಯೆಂಬ ಐತಿಹ್ಯವು ಇಂದಿಗೂ ಮೆರೆಯುತ್ತಿದ್ದರೂ ಅದಕ್ಕೆ ಸಮಕಾಲೀನವಾದ ಆಧಾರವಿಲ್ಲ. ವರ್ತಕನ ಕಾಗದವಾದರೋ ಕಣ್ಣೆದುರಿಗಿರುವ ದಾಖಲೆ. ಮರದಿಂದ ಇನ್ನೂ ಸ್ವಲ್ಪ ಹೆಚ್ಚಾಗಿ ಪಡೆಯಬಹುದಲ್ಲವೆ ಎಂಬ ಆ ಅಂಗಡಿಕಾರನ ಆಸೆ ಎರಡು ಶತಮಾನಗಳಾದರೂ ವಿಸ್ಕಿಯ ಉದ್ಯಮವನ್ನು ಬಿಟ್ಟುಹೋಗಿಲ್ಲ.

ಭಟ್ಟಿಯಿಂದ ಇಳಿದಾಗ ಬರ್ಬನ್ ಎಂಬ ಈ ಅಮೆರಿಕದ ವಿಸ್ಕಿಯು ನೀರಿನಷ್ಟೇ ನಿರ್ವರ್ಣವಾದ ದ್ರವ. ಮೆಕ್ಕೆಜೋಳದ ಹಸಿವಾಸನೆಯೂ ನಾಲಗೆಯನ್ನು ಸುಡುವ ಉಗ್ರತೆಯೂ ಅದರ ಹುಟ್ಟುಗುಣಗಳು. ಬಣ್ಣವನ್ನೂ ಪರಿಮಳದ ಬಹುಭಾಗವನ್ನೂ ಅದಕ್ಕೆ ಕೊಡತಕ್ಕದ್ದು ಬಿಳಿಯ ಓಕ್ ಮರ. ಹಲಗೆಗೆ ಉರಿ ತಾಗಿದಾಗ ಅದರೊಳಗಿನ ಸಕ್ಕರೆಯ ಅಂಶಗಳು ಕಂದುಬಣ್ಣಕ್ಕೆ ಕರಗುವುವು. ಲಿಗ್ನಿನ್ ಒಡೆದು ವೆನಿಲಿನ್ ಹುಟ್ಟುವುದು. ತೆಂಗಿನಕಾಯಿಯನ್ನು ನೆನಪಿಸುವ ಲ್ಯಾಕ್ಟೋನು, ಲವಂಗವನ್ನು ನೆನಪಿಸುವ ಯೂಜಿನಾಲು ಮರದಿಂದಲೇ ಬರುವಂಥವು. ಮೇಲೆ ಕಟ್ಟಿದ ಇದ್ದಿಲ ಪದರವು ಗಂಧಕದ ದುರ್ವಾಸನೆಯನ್ನು ಹೀರಿಕೊಳ್ಳುವುದು.

ಇಷ್ಟು ಕೆಲಸವಾಗಲು ವರ್ಷಗಳು ಬೇಕು, ವರ್ಷಗಳಿಗೆ ಬಂಡವಾಳ ಬೇಕು. ಕಾಯಲಾರದವರು ಬೇರೆ ದಾರಿ ಹಿಡಿದರು. 1853ರಲ್ಲಿ ಪಿಯೆರ್ ಲಕೂರ್ ಎಂಬಾತನು ಪ್ರಕಟಿಸಿದ ಕೈಪಿಡಿಯೊಂದು, ಭಟ್ಟಿಯ ಹಂಗೇ ಇಲ್ಲದೆ ಮದ್ಯಗಳನ್ನು ತಯಾರಿಸುವ ವಿಧಾನಗಳನ್ನು ನಿಸ್ಸಂಕೋಚವಾಗಿ ಬೋಧಿಸಿತು. ರುಚಿಯಿಲ್ಲದ ಸ್ಪಿರಿಟ್ಟಿಗೆ ಸುಟ್ಟ ಸಕ್ಕರೆಯನ್ನೂ ಬಗೆಬಗೆಯ ಸಾರಗಳನ್ನೂ ಬೆರೆಸಿ ಹಳೆಯ ಬರ್ಬನ್ನೆಂದು ಮಾರುವವರ ಸಂತತಿ ಆ ಶತಮಾನದಲ್ಲಿ ಬೆಳೆಯಿತು. ಈ ಕಲಬೆರಕೆಯ ವಿರುದ್ಧ ಎಡ್ಮಂಡ್ ಹೇನ್ಸ್ ಟೇಲರ್ ಮೊದಲಾದ ಭಟ್ಟಿಕಾರರು ಹೋರಾಡಿದ ಫಲವಾಗಿ 1897ರ ಶಾಸನವು ಬಂದು, ಒಂದೇ ಭಟ್ಟಿಯಲ್ಲಿ ಒಂದೇ ಋತುವಿನಲ್ಲಿ ಇಳಿಸಿ, ಸರ್ಕಾರದ ಬೀಗವಿದ್ದ ಉಗ್ರಾಣದಲ್ಲಿ ನಾಲ್ಕು ವರ್ಷವಾದರೂ ಇಟ್ಟು, ನೂರಕ್ಕೆ 50 ಪಾಲು ಮದ್ಯಸಾರವಿರುವಂತೆ ಸೀಸೆಗಿಳಿಸಿದ ವಿಸ್ಕಿಗೆ ರಾಜಮುದ್ರೆಯ ಭರವಸೆಯನ್ನು ಕೊಟ್ಟಿತು.

ನಾಲ್ಕು ವರ್ಷವೆಂಬ ಆ ಅಳತೆ ಕೇವಲ ಕಾನೂನುಕಾರರ ಕಲ್ಪನೆಯಾಗಿರಲಿಲ್ಲವೆಂಬುದಕ್ಕೆ ಸಾಕ್ಷಿ ಬೇಗನೆ ದೊರಕಿತು. ಕ್ರಾಂಪ್ಟನ್ ಮತ್ತು ಟೋಲ್ಮನ್ ಎಂಬ ಸರ್ಕಾರಿ ರಸಾಯನಜ್ಞರಿಬ್ಬರು 31 ಪೀಪಾಯಿಗಳನ್ನು ಆರಿಸಿ, ಎಂಟು ವರ್ಷಗಳ ಕಾಲ ವರ್ಷಕ್ಕೊಮ್ಮೆ ಮಾದರಿ ತೆಗೆದು ಪರೀಕ್ಷಿಸಿ, 1908ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಅಮೆರಿಕದ ವಿಸ್ಕಿಯ ವಿಶಿಷ್ಟ ಪರಿಮಳವೂ ಅದರ ಎಣ್ಣೆಯಂಥ ಮೈಯೂ ಬಹುಮಟ್ಟಿಗೆ ಸುಟ್ಟ ಪೀಪಾಯಿಯಿಂದಲೇ ಬಂದುವೆಂದೂ, ಆಮ್ಲಗಳೂ ಎಸ್ಟರುಗಳೂ ಮೂರು ನಾಲ್ಕು ವರ್ಷಗಳಲ್ಲಿ ಪರಸ್ಪರ ಸಮತೋಲಕ್ಕೆ ಬಂದು ನಿಲ್ಲುವುವೆಂದೂ, ಅನಂತರದ ಸುಧಾರಣೆಯು ಮುಖ್ಯವಾಗಿ ದ್ರವವು ಆವಿಯಾಗಿ ಉಳಿದುದು ಗಾಢವಾಗುವುದರಿಂದ ಉಂಟಾಗುವುದೆಂದೂ ಅವರು ಕಂಡರು. ಮರದ ಕೊಡುಗೆ ಒಂದು, ಕಾಲದ ಕೆಲಸ ಮತ್ತೊಂದು ಎಂಬ ಭೇದವು ಅಂಕಿಗಳಲ್ಲಿ ಇಷ್ಟು ಸ್ಪಷ್ಟವಾಗಿ ಮೂಡಿದ ಬರಹವನ್ನು ಈ ವಿಷಯದಲ್ಲಿ ನಾನು ಬೇರೆ ಕಾಣೆನು.

ಅಮೆರಿಕದಲ್ಲಿ ಪಾನನಿಷೇಧವು 1933ರಲ್ಲಿ ತೊಲಗಿದ ಮೇಲೆ ರಚಿತವಾದ ನಿಯಮಗಳು ಬರ್ಬನ್ನಿಗೆ ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯನ್ನೇ ಕಡ್ಡಾಯಮಾಡಿದುವು. ನೂರಕ್ಕೆ 51 ಪಾಲಾದರೂ ಮೆಕ್ಕೆಜೋಳವಿರಬೇಕು, ಬಣ್ಣ ಬೆರೆಸಕೂಡದು. ಎರಡು ವರ್ಷ ತುಂಬಿದರೆ ‘ಸ್ಟ್ರೈಟ್’ ಎನ್ನಬಹುದು. ನಾಲ್ಕು ತುಂಬದಿದ್ದರೆ ವಯಸ್ಸನ್ನು ಚೀಟಿಯ ಮೇಲೆ ಹೇಳಲೇಬೇಕು.

ಕಾಯುವಿಕೆಯನ್ನು ಕುಗ್ಗಿಸುವ ಹಂಬಲ ನಮ್ಮ ಕಾಲದಲ್ಲಿ ಮತ್ತೆ ತಲೆಯೆತ್ತಿತು. ಸಣ್ಣ ಭಟ್ಟಿಗಳನ್ನು ಹೊಸದಾಗಿ ಹೂಡಿದವರಿಗೆ ಹಳೆಯ ದಾಸ್ತಾನಿರಲಿಲ್ಲವಾದುದರಿಂದ ಅವರಲ್ಲಿ ಹಲವರು ಪುಟ್ಟ ಪೀಪಾಯಿಗಳನ್ನು ನೆಚ್ಚಿದರು. ದ್ರವಕ್ಕೆ ತಾಗುವ ಮರ ಹೆಚ್ಚಾದಷ್ಟೂ ಬಣ್ಣ ಬೇಗ ಇಳಿಯುವುದಷ್ಟೆ. ದೊಡ್ಡ ಸಂಸ್ಥೆಯಾದ ಬಫಲೊ ಟ್ರೇಸ್ ಕೂಡ 2006ರಲ್ಲಿ 5, 10, 15 ಗ್ಯಾಲನ್ನಿನ ಪೀಪಾಯಿಗಳನ್ನು ತುಂಬಿ ನೋಡಿತು. ಆರು ವರ್ಷದ ಮೇಲೆ ಅದು, ಬಣ್ಣವೂ ಹೊಗೆಯ ವಾಸನೆಯೂ ಬಂದಿವೆ, ರುಚಿಗೆ ಆಳವಿಲ್ಲ ಎಂದು ತನ್ನ ಪ್ರಯೋಗದ ಸೋಲನ್ನು ತಾನೇ ಸಾರಿತು. ಇದಕ್ಕೆ ವಿರುದ್ಧವಾಗಿ, ಮೇಕರ್ಸ್ ಮಾರ್ಕ್ ಎಂಬ ಭಟ್ಟಿಯು 2010ರಲ್ಲಿ ಸುಟ್ಟ ಫ್ರೆಂಚ್ ಓಕಿನ ಹತ್ತು ಹಲಗೆಗಳನ್ನು ಪೀಪಾಯಿಯೊಳಗೆ ಇಳಿಬಿಟ್ಟು ಕೆಲವು ವಾರ ಕಾದುದೂ, ವುಡ್‌ಫರ್ಡ್ ರಿಸರ್ವ್ ಎಂಬ ಇನ್ನೊಂದು ಭಟ್ಟಿಯು 2012ರಲ್ಲಿ ಎರಡನೆಯ ಪೀಪಾಯಿಗೆ ವಿಸ್ಕಿಯನ್ನು ಬದಲಿಸಿದುದೂ ಯಶಸ್ವಿಯಾದುವು. ಅವೆರಡೂ ಕೈಹಾಕಿದುದು ಆಗಲೇ ಮಾಗಿದ್ದ ಮದ್ಯಕ್ಕೆ ಎಂಬುದನ್ನು ಮರೆಯಬಾರದು. ಎಳೆಯದಕ್ಕೆ ಹೆಚ್ಚುವರಿ ಮರವನ್ನು ಹೊರಿಸುವುದು ಹೊಗೆಹಾಕಿ ಬಾಳೆಗೊನೆಯನ್ನು ಹಣ್ಣುಮಾಡಿದಂತೆ: ಸಿಪ್ಪೆ ಹಳದಿ, ತಿರುಳು ಬಿರುಸು.

ಇಂಥ ಮದ್ಯವನ್ನು ಪರೀಕ್ಷಿಸುವವನು ಮೊದಲು ಕಣ್ಣನ್ನು ನಂಬಬಾರದು. ಎರಡು ವರ್ಷದ ಸರಕೂ ಎಂಟು ವರ್ಷದ್ದರಂತೆ ಕೆಂಪೇರಿ ನಿಂತಿರುವುದುಂಟು. ಬಾಯಿ ಕಿರಿದಾದ ಗಾಜಿನ ಲೋಟದಲ್ಲಿ ಸ್ವಲ್ಪ ಸುರಿದು ಕಾಲುಗಂಟೆ ಬಿಟ್ಟು ಮೂಸಿದರೆ, ವೆನಿಲಾ, ಸುಟ್ಟ ಸಕ್ಕರೆಗಳ ವಾಸನೆ ಮುಂದಾಗಿ ಬಂದು ಎದುರುಗೊಳ್ಳುವುದು. ಕೆಲವು ಹನಿ ನೀರು ಬೆರೆಸಿದೊಡನೆ ಆ ತೆರೆ ತೆಳುವಾಗಿ, ಅದರ ಹಿಂದೆ ಹಸಿಜೋಳದ ಹಿಟ್ಟಿನ ವಾಸನೆಯೂ ವಾರ್ನಿಷನ್ನು ಹೋಲುವ ತೀಕ್ಷ್ಣತೆಯೂ ಹೊರಬೀಳುವುವು. ನಾಲಗೆಯ ಮೇಲೆ ಆರಂಭ ಮಧುರ. ನಡುವೆ ಏನೂ ಇಲ್ಲ. ಕೊನೆಯಲ್ಲಿ ಮರದ ಒಗರು ವಸಡುಗಳನ್ನು ಹಿಡಿದು ಒಣಗಿಸುವುದು. ತೀರ್ಪುಗಾರನು ಹುಡುಕಬೇಕಾದುದು ಈ ನಡುವನ್ನೇ ಎಂದು ನನ್ನ ಅಭಿಪ್ರಾಯ: ಆದಿಯನ್ನೂ ಅಂತ್ಯವನ್ನೂ ಹಲಗೆ ಒದಗಿಸಬಲ್ಲುದು, ಮಧ್ಯದ ತುಂಬುತನವನ್ನು ಒದಗಿಸಲಾರದು. ಹಾಗೆಂದು ಎಳೆಯದೆಲ್ಲವೂ ಹೀನವಲ್ಲ. ಧಾನ್ಯದ ಗುಣವನ್ನು ಮರೆಮಾಚದೆ, ಮರವನ್ನು ಮಿತವಾಗಿ ಬಳಸಿ, ತನ್ನ ಪ್ರಾಯವನ್ನು ಒಪ್ಪಿಕೊಂಡ ಎರಡು ವರ್ಷದ ಬರ್ಬನ್ನು ಸೊಗಸಾಗಿರಬಹುದು.

ವರ್ಷದ ಎಣಿಕೆಯಾದರೂ ಎಲ್ಲ ದೇಶಗಳಿಗೂ ಒಂದೇ ಅಲ್ಲ. ಒಂದು ಬಾರಿ ಬರ್ಬನ್ ತುಂಬಿದ ಪೀಪಾಯಿಯಲ್ಲಿ ಮತ್ತೆ ಬರ್ಬನ್ ಮಾಡುವಂತಿಲ್ಲವಾದುದರಿಂದ ಅವು ಸಮುದ್ರ ದಾಟಿ ಮಾರಾಟವಾಗುವುವು. ಕೆಲವು ನಮ್ಮ ಬೆಂಗಳೂರಿನ ಅಮೃತ್ ಭಟ್ಟಿಯವರೆಗೂ ಬಂದು, ಅಲ್ಲಿ ಬಾರ್ಲಿಯ ಮಾಲ್ಟ್ ವಿಸ್ಕಿಯನ್ನು ಹೊತ್ತು ಕೂರುವುವು. ಸ್ಕಾಟ್ಲೆಂಡಿನ ಉಗ್ರಾಣಗಳಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು ಎರಡು ಪಾಲು ಆವಿಯಾಗಿ ಹೋದರೆ, ಇಲ್ಲಿ ಹತ್ತಕ್ಕೂ ಮೀರಿ ಹೋಗುವುದು. ಹೀಗಾಗಿ ನಾಲ್ಕೈದು ವರ್ಷಕ್ಕೇ ಇಲ್ಲಿಯ ಪೀಪಾಯಿಯನ್ನು ತೆರೆಯಬೇಕಾಗುವುದು, ಮತ್ತು ಅದರೊಳಗಿನದನ್ನು ಎಳೆಯದೆಂದು ಯಾರೂ ಕರೆಯುವುದಿಲ್ಲ.